ತೋಪಿನಲ್ಲಿ ಮಲಗಿದ ಅಳಿಯ

ಎಲ್ಲದಕ್ಕೂ ಮೂಲ ಒಂದು ಹಸಿರು ಚೀಲ. ತಲೆದಿಂಬಿನಷ್ಟು ಉದ್ದವಿತ್ತು. ಕದಿರೇಶ ಫ್ಯಾಕ್ಟರಿ ಮುಗಿಸಿ ಮಾಲೂರಿನ ಮನೆಗೆ ಬಂದಾಗ ಅದು ಸೋಫಾದಲ್ಲಿ, ಅವನು ಕೂರುವ ಜಾಗದಲ್ಲೇ ಕೂತಿತ್ತು. ಏನಿದು ಅಂತ ಕೇಳಿದ್ದಕ್ಕೆ ಹೆಂಡತಿ ಪವಿತ್ರ, ಟೆಂಟು ಅಂದಳು.

ಪವಿತ್ರಳ ಸ್ಕೂಲಿನ ಟೀಚರುಗಳೆಲ್ಲ ರಜೆ ಬಂದರೆ ಬೆಟ್ಟ, ಕಾಡು ಅಂತ ಹೋಗಿ ಬಯಲಲ್ಲಿ ಮಲಗಿ, ಫೋಟೋ ಹಾಕುತ್ತಿದ್ದರು. ವರ್ಷದಿಂದ ಆ ಫೋಟೋಗಳನ್ನು ಅವನ ಮೂಗಿನ ಮುಂದೆ ಹಿಡಿದು ಹಿಡಿದು ಅವಳ ಕೈ ಸೋತಿತ್ತು. ಕದಿರೇಶ ಮಾತ್ರ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ.

ಅವನಿಗೂ ಕಾರಣವಿತ್ತು. ಅವನು ಮಾಸ್ತಿ ಕಡೆಯ ಹಳ್ಳಿಯವನು. ಟೊಮೆಟೊಗೆ ರೇಟು ಬಂತೆಂದರೆ ಹೊಲಕ್ಕೆ ಕಳ್ಳರು ಬರುತ್ತಿದ್ದರು, ಕಳ್ಳರು ಬಂದರೆಂದರೆ ಅಪ್ಪ ಇವನ ಕೈಗೆ ಒಂದು ಕಂಬಳಿ, ಒಂದು ಬ್ಯಾಟರಿ ಕೊಟ್ಟು ಕಾಯಲು ಕಳಿಸುತ್ತಿದ್ದ. ಸೊಳ್ಳೆ, ಕಪ್ಪೆ, ಒಂದು ಸಲ ಕಂಬಳಿಯೊಳಗೇ ಕೇರೆಹಾವು. ಓದಿ ಕೆಲಸ ಹಿಡಿದದ್ದೇ ತಲೆ ಮೇಲೆ ಒಂದು ಸೂರು, ಸೂರಿಗೆ ಒಂದು ಫ್ಯಾನು ಇರಲಿ ಅಂತ. ಈಗ ಖುಷಿಗೋಸ್ಕರ ಬಯಲಲ್ಲಿ ಮಲಗು ಅಂದರೆ, ಜೈಲಿನಿಂದ ಬಿಟ್ಟವನನ್ನು ಪಿಕ್ನಿಕ್ಕಿಗೆ ಅಂತ ಮತ್ತೆ ಜೈಲಿಗೇ ಕರೆದಂತೆ.

ಪವಿತ್ರ ಜಗಳ ಮಾಡಲಿಲ್ಲ. ಒಪ್ಪಂದಕ್ಕೆ ಬಂದಳು.

"ನೋಡ್ರೀ, ಶನಿವಾರ ತಂಗಿ ರಜನೀನ ನೋಡೋಕೆ ಮುಳಬಾಗಿಲಿನವ್ರು ಬರ್ತಾರೆ, ಹೇಗೂ ನಮ್ಮೂರಿಗೆ ಹೋಗ್ಲೇಬೇಕು. ಅಪ್ಪನ ತೋಪಲ್ಲಿ ಟೆಂಟ್ ಹಾಕೋಣ. ಒಂದೇ ದಿನ. ಹಿಡಿಸಿದ್ರೆ ತಿಂಗಳಿಗೊಂದು ಸಲ ಹೋಗೋಣ. ಹಿಡಿಸ್ಲಿಲ್ಲ ಅಂದ್ರೆ ಟೆಂಟ್ ಯಾರಿಗಾದ್ರೂ ಕೊಟ್ಬಿಡ್ತೀನಿ, ಜನ್ಮದಲ್ಲಿ ಇನ್ನು ಆ ಮಾತೆತ್ತಲ್ಲ."

ಕದಿರೇಶ ತಕ್ಷಣ ಒಪ್ಪಿದ. ಹಿಡಿಸದೆ ಇರುವುದು ಅವನಿಗೆ ಕಷ್ಟದ ಕೆಲಸವಾಗಿರಲಿಲ್ಲ.

ಶ್ರೀನಿವಾಸಪುರದ ಪಕ್ಕದ ಹಳ್ಳಿ ಪವಿತ್ರಳದು. ಅಪ್ಪ ಕೋದಂಡರಾಮಪ್ಪನ ಮಾವಿನ ತೋಪು ಊರೊಳಗೆ ಹೋಗುವ ದಾರಿಗೇ ಅಂಟಿಕೊಂಡಿತ್ತು. ಶನಿವಾರ ಬೆಳಿಗ್ಗೆ ಇವರು ಹೋಗಿ ಇಳಿದಾಗ ಕೋದಂಡರಾಮಪ್ಪ ಕುರ್ಚಿ, ಹಣ್ಣು, ಹೂವು ತರಲು ಶ್ರೀನಿವಾಸಪುರಕ್ಕೆ ಹೋಗಿದ್ದರು. ಗಂಡ ಹೆಂಡತಿ ಇಬ್ಬರೂ ಸೇರಿ ಟೆಂಟ್ ಎಬ್ಬಿಸಿದರು. ಒಂದು ಕಡ್ಡಿ ಸಿಕ್ಕಿಸಿದರೆ ಇನ್ನೊಂದು ಕಳಚಿ, ಕೊನೆಗೆ ಅದು ಆಗತಾನೆ ಹುಟ್ಟಿದ ಎಮ್ಮೆಕರುವಿನಂತೆ ಅತ್ತಿತ್ತ ವಾಲಾಡಿ ನಿಂತಿತು. ಅಷ್ಟರಲ್ಲಿ ಮನೆಯಿಂದ ಪವಿತ್ರಳಿಗೆ ಕೂಗು ಬಂತು. ತಂಗಿಗೆ ಜಡೆ ಹಾಕಬೇಕು, ಕೇಸರಿಬಾತಿಗೆ ರವೆ ಹುರಿಯಬೇಕು. ಮನೆ ತುಂಬ ಹೆಂಗಸರು, ನೀವು ಇಲ್ಲೇ ಇದ್ದು ಅಭ್ಯಾಸ ಮಾಡ್ಕೊಳ್ಳಿ ಅಂತ ಹೇಳಿ ಅವಳು ಹೋದಳು.

ಕದಿರೇಶ ಒಳಗೆ ಮಲಗಿ ಕಾಲನ್ನು ಹೊರಗೆ ಚಾಚಿ, ಮುಖವನ್ನು ಹರಳೆಣ್ಣೆ ಕುಡಿದವನಂತೆ ಮಾಡಿಕೊಂಡ. ಹಿಡಿಸಲಿಲ್ಲ ಅನ್ನುವುದಕ್ಕೆ ಮುಖವೂ ಸಾಕ್ಷಿ ಹೇಳಬೇಕಲ್ಲ.

ಆ ಮುಖವನ್ನು ಮೊದಲು ಕಂಡವಳು ಮುನಿಯಲ್ಲಮ್ಮ. ಹಸುವಿಗೆ ಹುಲ್ಲು ಕೊಯ್ಯಲು ಬಂದಿದ್ದಳು. ಎರಡು ಕಾಲು ಕಂಡು ಹೆದರಿ, ಬಗ್ಗಿ ನೋಡಿ, ಗುರುತು ಹಿಡಿದಳು.

"ಏನ್ ಅಳಿಯಂದ್ರೆ, ಇಲ್ಯಾಕೆ ಮಲಗಿದ್ದೀರ? ಮನೇಲಿ ಜಾಗ ಇಲ್ವಾ?"

ಟೆಂಟು, ಫೋಟೋ, ಟೀಚರುಗಳು, ಒಪ್ಪಂದ, ಇದನ್ನೆಲ್ಲ ಎಲ್ಲಿಂದ ಶುರು ಮಾಡುವುದು ಅಂತ ಕದಿರೇಶನಿಗೆ ತಿಳಿಯಲಿಲ್ಲ. "ಹಿಂಗೇ ಸುಮ್ನೆ" ಅಂದ, ಮುಖ ಹಾಗೇ ಇಟ್ಟುಕೊಂಡು.

ಅವನು ಮಾಡಿದ ತಪ್ಪು ಅದೇ. ಆ ಸೀಮೆಯಲ್ಲಿ ಅಳಿಯ ಅನ್ನುವವನು ಮಾವನ ಊರಿಗೆ ಬಂದು, ಮನೆಗೆ ಹೋಗದೆ, ಮುಖ ಊದಿಸಿಕೊಂಡು, ಹೊರಗೆ ಸುಮ್ಮನೆ ಮಲಗುವುದಿಲ್ಲ. ಮಲಗಿದನೆಂದರೆ ಮುನಿಸು. ಗಾಡಿಯೋ ಉಂಗುರವೋ ಏನೋ ಮನಸ್ಸಿನಲ್ಲಿದೆ ಅಂತ ಅರ್ಥ. ಬಾಯಿಬಿಟ್ಟು ಕೇಳುವುದು ಅಳಿಯನಿಗೆ ಮರ್ಯಾದೆಯಲ್ಲ; ಮಾವನೇ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಂದು, ಏನು ಬೇಕು ಅಂತ ಕೇಳಿ, ಸಮಾಧಾನ ಮಾಡಿ ಎಬ್ಬಿಸಿಕೊಂಡು ಹೋಗಬೇಕು. ಮದುವೆಯಲ್ಲಿ ಕದಿರೇಶ ಒಂದು ಚಮಚಕ್ಕೂ ಮುನಿಸಿಕೊಂಡಿರಲಿಲ್ಲ. ಊರಿನವರಿಗೆ ಆಗಲೇ ಅನುಮಾನ ಬಂದಿತ್ತು.

ಮುನಿಯಲ್ಲಮ್ಮ ಹುಲ್ಲು ಮರೆತು ಊರ ಕಡೆ ತಿರುಗಿದಳು. "ಅಲ್ಲುಡು ಅಲಿಗಿನಾಡಂಟ" ಅಂತ ನಲ್ಲಿಯ ಹತ್ತಿರ ತೆಲುಗಿನಲ್ಲಿ, ಅಳಿಯ ಮುನಿಸ್ಕೊಂಡವ್ನಂತೆ ಅಂತ ಹಾಲಿನ ಡೈರಿಯ ಹತ್ತಿರ ಕನ್ನಡದಲ್ಲಿ, ಹೀಗೆ ಎರಡು ಭಾಷೆಯಲ್ಲೂ ಸುದ್ದಿ ಊರು ಸುತ್ತಿತು. ಅತ್ತೆಗೂ ಮುಟ್ಟಿತು. ಪವಿತ್ರಳ ಕಿವಿಗೆ ಮಾತ್ರ ಹಾಕಬಾರದು, ಮಗಳು ಅಳ್ತಾಳೆ ಅಂತ ಹೆಂಗಸರು ತಮ್ಮತಮ್ಮಲ್ಲೇ ನಿಶ್ಚಯ ಮಾಡಿಕೊಂಡರು.

ಸ್ವಲ್ಪ ಹೊತ್ತಿಗೆ ಯಾರೋ ಒಂದು ಚೊಂಬು ಮಜ್ಜಿಗೆ ತಂದಿಟ್ಟು, ಮುಖ ನೋಡದೆ ಹೋದರು. ಆಮೇಲೆ ಇನ್ನೊಬ್ಬರು ಹೆಚ್ಚಿದ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಂದರು. ಮಧ್ಯಾಹ್ನಕ್ಕೆ ಅತ್ತೆಮನೆಯಿಂದ ಮುದ್ದೆ, ನಾಟಿಕೋಳಿ ಸಾರು ಬಂತು. ತಂದ ಹೆಂಗಸು ಎದೆಯ ಕಡೆಯ ತುಂಡುಗಳನ್ನೇ ಆರಿಸಿ ಹಾಕಿದ್ದಾರೆ ಅಂತ ಪಿಸುಗುಟ್ಟಿ ಹೋದಳು. ಹಳ್ಳಿಯವರಿಗೆ ಎಷ್ಟು ಪ್ರೀತಿ ಅಂತ ಕದಿರೇಶನ ಕಣ್ಣು ಹನಿಗೂಡಿತು.

ಉಂಡು ಅಂಗಾತ ಮಲಗಿದ. ತೋಪಿನ ಗಾಳಿ ಟೆಂಟಿನ ಜಾಲರಿಯಿಂದ ನುಗ್ಗಿ ಮೈಮೇಲೆ ಹಾದು ಹೋಗುತ್ತಿತ್ತು. ಕರೆಂಟು ಹೋಗಿ ಮನೆಯೊಳಗೆ ಹೆಂಗಸರು ಶಪಿಸುವುದು ದೂರದಿಂದ ಕೇಳಿಸುತ್ತಿತ್ತು. ಒಂದು ಅಳಿಲು ಟೆಂಟಿನ ಬಾಗಿಲಿಗೆ ಬಂದು, ಇವನನ್ನು ನೋಡಿ, ಇವನಿಂದ ತೊಂದರೆಯಿಲ್ಲ ಅಂತ ಖಾತ್ರಿ ಮಾಡಿಕೊಂಡು ಹೋಯಿತು. ಕದಿರೇಶ ನಿದ್ದೆ ಹೋದ. ರೈಲಿನ ಕೂಗಿಲ್ಲ, ಶಿಫ್ಟಿನ ಸೈರನ್ ಇಲ್ಲ, ಅಂಥ ನಿದ್ದೆ ಅವನಿಗೆ ಮಾಲೂರಿನಲ್ಲಿ ಒಂದು ದಿನವೂ ಬಂದಿರಲಿಲ್ಲ.

ಎದ್ದಾಗ ಅವನಿಗೆ ಗಾಬರಿಯಾಯಿತು. ಏನಾದರೂ ದೂರು ಹುಡುಕಬೇಕೆಂದು ಸುತ್ತ ನೋಡಿದ. ನಾಲ್ಕಾರು ಇರುವೆ ಬಿಟ್ಟರೆ ಏನೂ ಸಿಗಲಿಲ್ಲ, ಅವೂ ಕೋಳಿ ಮೂಳೆಯ ಮೇಲಿದ್ದವು. "ನಂಗಿದು ಹಿಡಿಸ್ಲಿಲ್ಲ ಕಣೇ" ಅಂತ ಒಮ್ಮೆ ಬಾಯಿಬಿಟ್ಟು ಹೇಳಲು ನೋಡಿದ. ಮಾತು ಹಲ್ಲಿಗೆ ಸಿಕ್ಕಿದ ನಾರಿನಂತೆ ಹೊರಗೆ ಬರಲಿಲ್ಲ. ಬಯಲಲ್ಲಿ ಮಲಗುವುದಕ್ಕೂ ಕಾವಲು ಮಲಗುವುದಕ್ಕೂ ಇಷ್ಟು ಫರಕಿದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಕಾಯುವುದಕ್ಕೆ ಇಲ್ಲಿ ಏನೂ ಇರಲಿಲ್ಲ, ಅದೇ ಸುಖ. ಸೋತೆ, ತಿಂಗಳಿಗೊಂದು ಸಲ ಅಲ್ಲ ಎರಡು ಸಲ ಹೋಗೋಣ ಅಂತ ಪವಿತ್ರಳಿಗೆ ಹೇಳಿಬಿಡುವುದೆಂದು ಮನಸ್ಸು ಮಾಡಿದ. ಹಗುರವಾಯಿತು.

ಅಷ್ಟರಲ್ಲಿ ಸೊಣ್ಣಪ್ಪ ಬಂದು ಟೆಂಟಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಸೊಣ್ಣಪ್ಪನೂ ಈ ಊರಿಗೆ ಅಳಿಯನೇ. ಮದುವೆಯಾದ ಹೊಸದರಲ್ಲಿ ಅರಳಿಕಟ್ಟೆಯ ಮೇಲೆ ಮುಸುಕು ಹಾಕಿ ಮಲಗಿ, ಒಂದು ಸೀಮೆಹಸು ಗಿಟ್ಟಿಸಿಕೊಂಡು, ಹಸುವಿನ ಜೊತೆ ತಾನೂ ಇಲ್ಲೇ ನಿಂತುಬಿಟ್ಟವನು. ಊರಲ್ಲಿ ಯಾವ ಅಳಿಯ ಮುನಿಸಿಕೊಂಡರೂ ಮಧ್ಯಸ್ಥಿಕೆ ಅವನದೇ.

"ನಾಚ್ಕೋಬೇಡ ಕಣಪ್ಪ, ನಾನೂ ಮಲಗಿದ್ದೋನೇ. ಏನು, ಗಾಡೀನಾ? ಉಂಗುರಾನಾ?"

ಕದಿರೇಶನಿಗೆ ಅರ್ಥವಾಗಲಿಲ್ಲ. ನಂಗೇನೂ ಬೇಡ, ಆರಾಮಾಗಿದ್ದೀನಿ ಅಂದ.

"ಏನೂ ಬೇಡ ಅನ್ನೋನಿಗೇ ದೊಡ್ಡದು ಬೇಕಾಗಿರೋದು" ಅಂತ ಸೊಣ್ಣಪ್ಪ ತಲೆ ಆಡಿಸಿದ. "ಕಾರಾ?"

ಬೆಳಗಿನಿಂದ ಬಂದ ಮಜ್ಜಿಗೆ, ಮಾವಿನಕಾಯಿ, ಕೋಳಿಯ ಎದೆ ಎಲ್ಲದರ ಒಳಮರ್ಮ ಕದಿರೇಶನಿಗೆ ಆಗ ಹೊಳೆಯಿತು. ಅವನು ಗಡಬಡಿಸಿ ಎದ್ದು ಟೆಂಟಿನ ಸೂರಿಗೆ ತಲೆ ಬಡಿಸಿಕೊಂಡು, ಮುನಿಸಿಲ್ಲ ಏನಿಲ್ಲ, ಜನ ಹೀಗೆ ಖುಷಿಗೆ ಮಲಗುತ್ತಾರೆ ಅಂತ ಬಿಡಿಸಿ ಬಿಡಿಸಿ ಹೇಳಿದ. ಸೊಣ್ಣಪ್ಪ ಎಲ್ಲ ಕೇಳಿಸಿಕೊಂಡು, ನಾನೂ ಅವತ್ತು ಕಟ್ಟೆಯ ಮೇಲೆ ಗಾಳಿಗೆ ಮಲಗಿದ್ದೀನಿ ಅಂತಲೇ ಹೇಳಿದ್ದೆ, ನೀನೂ ಹಾಗೇ ಗಟ್ಟಿಯಾಗಿರು ಅಂದ.

ದಾರಿಯಲ್ಲಿ ಆಟೋ ನಿಂತಿತು. ಕೋದಂಡರಾಮಪ್ಪ ಇಳಿದರು. ಡೈರಿಯ ಹತ್ತಿರವೇ ಅವರಿಗೆ ಸುದ್ದಿ ಸಿಕ್ಕಿತ್ತು. ಮನೆಗೂ ಹೋಗದೆ, ಮುಳಬಾಗಿಲಿನವರಿಗೆ ಅಂತ ತಂದಿದ್ದ ಎಲೆ ಅಡಿಕೆ, ತೆಂಗಿನಕಾಯಿಯನ್ನೇ ತಟ್ಟೆಗೆ ಹಾಕಿಕೊಂಡು ನೇರ ತೋಪಿಗೆ ಬಂದರು. ಯಾರ ಮುಂದೆಯೂ ಬಗ್ಗದ ಮನುಷ್ಯ ಟೆಂಟಿನ ಬಾಗಿಲಿಗೆ ಬಗ್ಗಿದರು.

"ಅಳಿಯಂದ್ರೆ, ನನ್ನಿಂದ ಏನ್ ತಪ್ಪಾಗಿದ್ರೂ ಹೊಟ್ಟೇಲಿ ಹಾಕ್ಕೊಳ್ಳಿ. ರಜನಿಗೆ ಎರಡು ಸಂಬಂಧ ತಪ್ಪೋಗಿದೆ. ಅವ್ರು ಇದೇ ದಾರೀಲೆ ಬರ್ತಾರೆ. ದೊಡ್ಡ ಅಳಿಯನ್ನೇ ತೋಪಲ್ಲಿ ಮಲಗ್ಸಿದ್ದಾರೆ ಅಂತ ನೋಡಿದ್ರೆ ನಮ್ಮನೇಗೆ ಹುಡುಗನ್ನ ಕೊಡ್ತಾರಾ? ಸುಗ್ಗಿ ಮುಗೀಲಿ, ನೀವು ಕೇಳಿದ್ದು ಕೊಡ್ತೀನಿ. ಪವಿತ್ರಂಗೆ ಮಾತ್ರ ಇದು ತಿಳಿಯೋದು ಬೇಡ."

"ಮಾವ, ದೇವ್ರಾಣೆಗೂ ನಂಗೇನೂ ಬೇಡ. ನಂಗಿಲ್ಲಿ ತುಂಬ ಚೆನ್ನಾಗಿದೆ."

ಅದನ್ನು ಚುಚ್ಚುಮಾತು ಅಂತ ತಿಳಿದು ಮುದುಕರು ತಟ್ಟೆಯನ್ನು ಇನ್ನಷ್ಟು ಮುಂದೆ ಚಾಚಿದರು. ಕದಿರೇಶನಿಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ತನ್ನ ಒಂದು ಮಧ್ಯಾಹ್ನದ ಸುಖಕ್ಕೆ ನಾದಿನಿಯ ಮದುವೆ ಮುರಿಯಬೇಕೆ? ಎಲೆ ಅಡಿಕೆ ತೆಗೆದುಕೊಂಡು ಎದ್ದು ಮಾವನ ಹಿಂದೆ ನಡೆದ. ಬೆಳಿಗ್ಗೆಯಿಂದ ಸೂರಿನ ಕೆಳಗೆ ಸೇರಲು ಕಾತರಿಸಬೇಕಾಗಿದ್ದವನು ಎರಡು ಸಲ ತಿರುಗಿ ತಿರುಗಿ ಟೆಂಟನ್ನು ನೋಡಿದ. ಸೊಣ್ಣಪ್ಪ ಅದನ್ನು ಮಡಿಚಲು ಹೋಗಿ, ಒಂದು ಕಡ್ಡಿ ಎಗರಿ ಹಣೆಗೆ ಬಡಿದು, ಹಾಗೇ ಬಿಟ್ಟು ಬಂದ.

ಮನೆಯೊಳಗೆ ಬೆಂಕಿಯಂಥ ಸೆಕೆ. ಕರೆಂಟು ಇನ್ನೂ ಬಂದಿರಲಿಲ್ಲ. ಕದಿರೇಶನನ್ನು ಊರಿಗೆಲ್ಲ ಕಾಣುವ ಹಾಗೆ ನಡುಮನೆಯ ಕುರ್ಚಿಯಲ್ಲಿ ಕೂರಿಸಿದರು. ಕೇಸರಿಬಾತು ತರುತ್ತಿದ್ದ ಪವಿತ್ರ ಗಂಡನನ್ನು ಕಂಡು ಒಂದು ಗಳಿಗೆ ನಿಂತು, ಏನೋ ಅರ್ಥವಾದವಳಂತೆ ತಲೆಯಾಡಿಸಿ ಒಳಗೆ ಹೋದಳು.

ಮುಳಬಾಗಿಲಿನವರು ಬಂದರು. ಹುಡುಗ ವೇಣುಗೋಪಾಲ್, ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟವನು. ರಜನಿ ಬಂದು ಕಾಫಿ ಕೊಟ್ಟಳು. ಹುಡುಗ ಕಾಫಿ ಕುಡಿದ, ತಿಂಡಿ ತಿಂದ, ಬಾಯಿ ಮಾತ್ರ ಬಿಡಲಿಲ್ಲ. ಅವನ ತಾಯಿಯ ಮುಖದಲ್ಲೂ ಹೌದು ಅಲ್ಲ ಏನೂ ಇರಲಿಲ್ಲ. ಮೂರನೆಯದೂ ತಪ್ಪಿತು ಅಂತ ಕೋದಂಡರಾಮಪ್ಪ ಬೆವರೊರೆಸಿಕೊಳ್ಳುವಾಗ ಹುಡುಗ ಕೇಳಿದ ಮೊದಲ ಪ್ರಶ್ನೆ, "ತೋಪಲ್ಲಿ ಟೆಂಟ್ ಹಾಕಿದೆಯಲ್ಲ, ಅದ್ಯಾರ್ದು?"

ಕೋದಂಡರಾಮಪ್ಪ ಮಾನ ಉಳಿಸಿಕೊಳ್ಳಲು ಬಾಯಿಗೆ ಬಂದದ್ದು ಹೇಳಿದರು.

"ಅದಾ? ನಮ್ಮ ಅಳಿಯಂದ್ರಿಗೆ ಹಾಕ್ಸಿರೋದು. ಅವ್ರಿಗೆ ಬಯಲಲ್ಲಿ ಮಲಗೋದಂದ್ರೆ ಪ್ರಾಣ. ಅಳಿಯಂದ್ರು ಆಸೆ ಪಟ್ಟಿದ್ದಕ್ಕೆ ನಮ್ಮನೇಲಿ ಇಲ್ಲ ಅನ್ನೋ ಮಾತೇ ಇಲ್ಲ."

ವೇಣುಗೋಪಾಲನ ಮುಖ ಅರಳಿತು. ಅವನಿಗೂ ಅದೇ ಹುಚ್ಚಂತೆ. ಭಾನುವಾರ ಬಂದರೆ ಅಂಗಡಿ ಮುಚ್ಚಿ ಆವನಿ ಬೆಟ್ಟ ಹತ್ತುವವನು. ಆ ಹುಚ್ಚು ಕೇಳಿಯೇ ಎಷ್ಟೋ ಮನೆಯವರು ಹಿಂದೆ ಸರಿದಿದ್ದರಂತೆ. ರಜನಿ ಅವನನ್ನು ತೋಪಿಗೆ ಕರೆದುಕೊಂಡು ಹೋಗಿ ಟೆಂಟು ತೋರಿಸಿದಳು. ಇಬ್ಬರೂ ಬರುವುದು ತಡವಾಯಿತು. ಬಂದಾಗ ನಗುತ್ತಿದ್ದರು. ಹುಡುಗನ ತಾಯಿ ಅಲ್ಲಿಯೇ ಎಲೆ ಅಡಿಕೆ ಕೇಳಿದರು. ಅಳಿಯನ ಹುಚ್ಚನ್ನೂ ಸಾಕುವ ಮನೆ ಇನ್ನೆಲ್ಲಿ ಸಿಗುತ್ತೆ ಅಂದರು.

ಪವಿತ್ರ ಕದಿರೇಶನ ಕುರ್ಚಿಯ ಹಿಂದೆ ಬಂದು ಬಗ್ಗಿದಳು.

"ಸಾಯಂಕಾಲದ ತನಕಾನೂ ತಡಿಯೋಕಾಗ್ಲಿಲ್ಲ ಅಲ್ವಾ? ಪಾಪ. ನಾನೇ ಸೋತೆ, ಇನ್ನು ಆ ಮಾತೆತ್ತಲ್ಲ. ಟೆಂಟ್‌ನ ರಜನಿಗೇ ಕೊಟ್ಬಿಡು ಅಂತ ಅಪ್ಪಂಗೆ ಹೇಳ್ದೆ."

ಕದಿರೇಶ ಬಾಯಿ ತೆರೆದ. ಕಂಬಕ್ಕೆ ಒರಗಿದ್ದ ಸೊಣ್ಣಪ್ಪ ಅವನನ್ನೇ ನೋಡುತ್ತಿದ್ದ. ಪಕ್ಕದಲ್ಲಿ ಬೀಗರು. ಎದುರಿಗೆ ಮಾವ. ಆ ಟೆಂಟು ನನಗೆ ಬೇಕು ಅಂತ ಈಗ ಅಂದರೆ, ಬೆಳಗಿನಿಂದ ಊರು ಹೇಳಿದ್ದೆಲ್ಲ ನಿಜವಾಗುತ್ತಿತ್ತು. ತೆರೆದ ಬಾಯಿಗೆ ಕೇಸರಿಬಾತು ಹಾಕಿಕೊಂಡು ಮುಚ್ಚಿದ.

ವೇಣುಗೋಪಾಲ್ ಟೆಂಟನ್ನು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮಡಿಚಿ ಹಸಿರು ಚೀಲಕ್ಕೆ ತುಂಬಿದ. ಷಡ್ಡಕನಾಗುವವನ ಕೈ ಕುಲುಕಿ, ತುಂಬ ಥ್ಯಾಂಕ್ಸ್ ಅಣ್ಣ ಅಂದ. ಚೀಲ ಕಾರು ಹತ್ತಿ ಮುಳಬಾಗಿಲಿಗೆ ಹೋಯಿತು.

ಮನೆಯಲ್ಲಿ ಸಂಭ್ರಮ. ಕದಿರೇಶ ಒಂದು ಚಾಪೆ ಸುತ್ತಿಕೊಂಡು ಯಾರಿಗೂ ಹೇಳದೆ ತೋಪಿಗೆ ಹೋದ. ಟೆಂಟು ನಿಂತಿದ್ದ ಕಡೆ ಒಣಗಿದ ಎಲೆಗಳು ಚೌಕವಾಗಿ ಒತ್ತಿಕೊಂಡಿದ್ದವು. ಅದರ ಮೇಲೇ ಚಾಪೆ ಹಾಸಿ ಮಲಗಿದ. ಈ ಸಲ ಅವನಿಗೆ ನಿಜವಾಗಿಯೂ ಮುನಿಸು ಬಂದಿತ್ತು. ಏನು ಬೇಕು ಅಂತ ಮಾವ ಈಗ ಬಂದು ಕೇಳಲಿ, ಹೊಸ ಟೆಂಟು ಅಂತ ಹೇಳೇಬಿಡುತ್ತೇನೆ ಅಂದುಕೊಂಡು ಕಾದ. ಹೊತ್ತು ಇಳಿಯಿತು. ಸೊಳ್ಳೆ ಬಂದವು.

ದಾರಿಯಲ್ಲಿ ಮುನಿಯಲ್ಲಮ್ಮ ಇನ್ನೊಬ್ಬಳ ಜೊತೆ ಹಾಲಿನ ಕ್ಯಾನು ಹಿಡಿದು ಬರುವುದು ಕಾಣಿಸಿತು. ಕದಿರೇಶ ಬೆಳಗಿಗಿಂತ ಜೋರಾಗಿ ಮುಖ ಊದಿಸಿ, ನಿಟ್ಟುಸಿರುಬಿಟ್ಟು, ಆ ಕಡೆ ಮಗ್ಗುಲಾದ. ಹೆಜ್ಜೆ ನಿಂತವು. ಅವನ ಎದೆಯಲ್ಲಿ ಆಸೆ ಮೂಡಿತು.

"ಅಯ್ಯೋ, ಮುನಿಸೂ ಇಲ್ಲ ಏನೂ ಇಲ್ಲ ಕಣೇ" ಅಂತ ಮುನಿಯಲ್ಲಮ್ಮ ಜೊತೆಯವಳಿಗೆ ಮೆಲ್ಲಗೆ ಹೇಳಿದಳು. "ಆಯಪ್ಪಂಗೆ ಬಯಲಲ್ಲಿ ಮಲಗೋದಂದ್ರೆ ಪ್ರಾಣವಂತೆ, ಕೋದಂಡರಾಮಪ್ಪನೇ ಹೇಳಿದ್ರು. ಎಬ್ಬಿಸ್ಬೇಡ, ನಡಿ."

ಇಬ್ಬರೂ ಸಪ್ಪಳವಾಗದಂತೆ ಹೋದರು. ಆಮೇಲೆ ತೋಪಿನ ಕಡೆ ಯಾರೂ ಬರಲಿಲ್ಲ, ಒಂದು ಚೊಂಬು ಮಜ್ಜಿಗೆಯೂ ಬರಲಿಲ್ಲ.