ಓತಿಕ್ಯಾತನ ನೈಟ್ ಡ್ಯೂಟಿ

ಬೀದಿದೀಪ ರಿಪೇರಿ ಮಾಡಾಂವಗ ನಿದ್ದಿ ಎಲ್ಲಿಂದ ಬರಬೇಕ್ರಿ? ಮೊದಲು ಬಲ್ಬ್ ಹೋದ್ರ ಕರೀತಿದ್ರು. ಈಗ ಬೆಳ್ಳನ ಎಲ್‌ಇಡಿ ಬಂದಾವ, ದೀಪ ಉರಿಯಾಕ ಹತ್ತಿದ್ರೂ ಕರೀತಾರ. ಆ ಬೆಳಕಿಗೆ ಹುಳ ಬರ್ತಾವ, ಹುಳ ತಿನ್ನಾಕ ಓತಿಕ್ಯಾತ ಬರ್ತೈತಿ. ಹೊತ್ತು ಮುಳುಗಿದ್ರ ಟೊಂಗಿ ಹಿಡಿದು ಮಲಗೋ ಪ್ರಾಣಿ ಈಗ ಕಂಬದ ಮ್ಯಾಲ ನೈಟ್ ಡ್ಯೂಟಿ ಮಾಡ್ತೈತಿ. ಡಾಕ್ಟರು ನನಗ, "ಬಿಪಿ ಏರೈತಿ, ಒಂದು ರಾತ್ರಿನಾದ್ರೂ ಪೂರ್ತಿ ಮಲಗ್ರಿ" ಅಂದಾರ. ಆ ಒಂದು ರಾತ್ರಿ ಎಲ್ಲಿ ಸಿಗತೈತಿ ಅಂತ ಹುಡುಕಾಕ ಹತ್ತೀನಿ.

ಗಾಂಧಿನಗರದ ಮೊಸಳಿ

ಬಳ್ಳಾರಿ ಗಾಂಧಿನಗರದಾಗ ಮೈಸೂರು ಕಡೆಯ ರಿಟೈರ್ಡ್ ಸಾಹೇಬ್ರು ಒಬ್ರು ಅದಾರ. ಒಂದಿನ ರಾತ್ರಿ ಅವರ ಫೋನು. "ನಮ್ಮ ಕಿಟಕಿ ಪರದೆ ಮೇಲೆ ಮೊಸಳೆ ನೆರಳು ಓಡಾಡ್ತಿದೆ, ಕೂಡ್ಲೇ ಬನ್ನಿ!"

ಉಣ್ಣೋ ತಾಟು ಬಿಟ್ಟು ಹೋದೆ. ಕಿಟಕಿ ಎದುರಿನ ಕಂಬಕ್ಕ ಏಣಿ ಹಾಕಿ ಹತ್ತಿದ್ರ, ಗೇಣುದ್ದದ ಓತಿಕ್ಯಾತ ದೀಪದ ಮುಂದ ಕುಂತು ಆರಾಮಾಗಿ ಹುಳ ಮುಕ್ಕಾಕ ಹತ್ತಿತ್ತು. ಇಳಿದು ಹೇಳಿದೆ. ಸಾಹೇಬ್ರು ಒಪ್ಪಲೇ ಇಲ್ಲ. "ಅದು ಹಗಲು ಓಡಾಡೋ ಪ್ರಾಣಿ ಕಣ್ರೀ. ಈ ಹೊತ್ತಿನಲ್ಲಿ ಅದಕ್ಕೆ ಇಲ್ಲೇನು ಕೆಲಸ?"

"ನಾನೂ ಹಗಲು ಓಡಾಡೋ ಪ್ರಾಣೀನ ಸಾಹೇಬ್ರ, ನೀವು ಕರದ್ರಿ, ಬಂದೆ" ಅಂದೆ.

ಹಚ್ಚೊಳ್ಳಿ ಅಜ್ಜಿ

ಕಾಲುವಿ ನೀರು, ಭತ್ತದ ಗದ್ದಿ. ಹಚ್ಚೊಳ್ಳಿಯಾಗ ಹುಳಕ್ಕೇನು ಕಡಿಮಿ? ಅಲ್ಲಿ ದೀಪದ ಕೆಳಗ ಕಟ್ಟಿ ಮ್ಯಾಲ ಕುಂತಿದ್ದ ಅಜ್ಜಿ ಒಬ್ಬಾಕಿ ಬಲಭುಜಕ್ಕ ಓತಿಕ್ಯಾತ ಏರಿಬಿಡ್ತು. ಹಲ್ಲಿ ಬಿದ್ರ, ಓತಿಕ್ಯಾತ ಏರಿದ್ರ ಏನು ಫಲ ಅಂತ ಪಂಚಾಂಗದಾಗ ಇರತೈತಲ್ಲ, ಅಜ್ಜಿ ಐನೋರನ್ನ ಕರೆಸಿದ್ಲು.

ಐನೋರು ತಲಿ ಕೆರಕೊಂಡ್ರು. "ಬಲಭುಜ ಒಳ್ಳೇದು ಖರೆ. ಆದ್ರ ಓತಿಕ್ಯಾತ ಹಗಲು ಏರಬೇಕು. ರಾತ್ರಿ ಏರಿದ್ದಕ್ಕ ಫಲ ಹೇಳಾಕ ಬರಂಗಿಲ್ಲ."

ಅಜ್ಜಿ ಬಿಡ್ತಾಳಾ? "ಈ ಬೆಳಕಿನ್ಯಾಗ ಅಕ್ಕ್ಯಾಗಿನ ಹಳ್ಳು ಆರಿಸ್ತೀನಿ, ಇದು ಹಗಲಲ್ಲೇನು?"

ಜಗಳ ಹರೀಲಿಲ್ಲ. ಅದೇ ಕಂಬದ ವೈರ್ ನೋಡಾಕ ಬಂದಿದ್ದ ನನ್ನ ನಿಲ್ಲಿಸಿ ನ್ಯಾಯ ಕೇಳಿದ್ರು. ನನಗೋ ಕಣ್ಣು ಎಳೀತಿತ್ತು. "ಹೌದು ಯವ್ವಾ, ಇದು ಹಗಲೇ" ಅಂದುಬಿಟ್ಟೆ.

ಅಜ್ಜಿ ಫಲ ಕೇಳಿ, ಹಿಗ್ಗಿ, ಆಮ್ಯಾಲ ನನ್ನ ಕಡೆ ತಿರುಗಿದ್ಲು. "ಹಗಲಂತಿ, ಮತ್ತ ಲೈಟ್ ಯಾಕ ಉರಸ್ತೀಯಲೇ? ಆರಿಸು!"

ಸಿರಿಗೇರಿ ಗಾದಿ

ಸಿರಿಗೇರಿಯಾಗ ಗಾದಿ ಹೊಲಿಯೋ ಚಾಚಾ ಒಬ್ಬ ಅದಾನ. ಮದುವಿಗಂತ ಹೊಸ ಗಾದಿ ಹೊಲಿದು, ನಸಿಕಿನ್ಯಾಗ ಕಳಿಸಾಕ ಅಂಗಡಿ ಮುಂದ ಟ್ರ್ಯಾಕ್ಟರ್ ಟ್ರ್ಯಾಲಿಗೆ ಹೇರಿದ್ದ. ನೆತ್ತಿ ಮ್ಯಾಲ ಬೀದಿದೀಪ. ಅಲ್ಲಿಂದ ಓತಿಕ್ಯಾತ ಹುಳಕ್ಕ ಹಾರಿ ಹಾರಿ ಗಾದಿ ಮ್ಯಾಲ ಬೀಳ್ತಿತ್ತು.

"ಭಾಯ್, ಹೊಸ ಜೋಡಿಗಿಂತ ಮೊದಲು ಯಾರೂ ಈ ಗಾದಿಗೆ ಮೈ ಹಚ್ಚಬಾರದು. ಬೀಗರು ನನ್ನ ಸುಮ್ಮನ ಬಿಡಂಗಿಲ್ಲ. ದೀಪ ಆರಿಸು, ಅದು ಹೋಗಿ ಮಲಗಲಿ" ಅಂತ ಚಾಚಾ ನನ್ನ ಕರೆಸಿ ಗೋಗರೆದ.

ಆರಿಸಿದೆ. ಬೀದಿ ಕಗ್ಗತ್ತಲ. ಓತಿಕ್ಯಾತ ಸುಮ್ಮನಾತು, ಚಾಚಾ ಬಾಗಿಲು ಹಾಕ್ಕೊಂಡ. ಹೊಲಸೇನಾರ ಬಿದ್ದೈತೇನಂತ ಗಾದಿ ಮ್ಯಾಲ ಕೈಯಾಡಿಸಿದೆ. ಅಬ್ಬಬ್ಬಾ, ಏನು ಮೆತ್ತಗ! ಒಂದು ಗಳಿಗಿ ಬೆನ್ನು ಚಾಚಿ ಏಳೋಣ ಅಂದೆ. ಅಷ್ಟೇ ನೆನಪು.

ಕತ್ತಲ್ಯಾಗ ಡ್ರೈವರ್ ನನ್ನ ನೋಡಲಿಲ್ಲ, ಟ್ರ್ಯಾಕ್ಟರ್ ಸದ್ದಿಗೆ ನಾನು ಏಳಲಿಲ್ಲ. ಕಣ್ಣು ಬಿಟ್ರ ಬೆಳಗಾಗಿತ್ತು. ಕುರುಗೋಡಿನ ಮದುವಿ ಮನಿ, ಟ್ರ್ಯಾಲಿ ಸುತ್ತ ಹೆಂಗಸರು. ನಾಚಿಕಿಂದ ಜೀವ ಹೋದಂಗಾತು. ಆದ್ರ ಖರೇ ಹೇಳ್ತೀನಿ, ಅಂಥಾ ನಿದ್ದಿ ಜನ್ಮದಾಗ ಮಾಡಿದ್ದಿಲ್ಲ.

ಅಷ್ಟರಾಗ ನನ್ನ ಹೆಂಡತಿ ಫೋನು. "ರಾತ್ರಿ ಪೂರಾ ಎಲ್ಲಿದ್ರಿ?"

ನಿದ್ದಿಗಣ್ಣಾಗ ಸುಳ್ಳು ಹೊಳೀಲಿಲ್ಲ. "ಮದುವಿ ಮನಿ ಗಾದಿ ಮ್ಯಾಲ" ಅಂದೆ.

ಅದೇ ಹೊತ್ತಿಗೆ ಒಬ್ಬಾಕಿ ನಕ್ಕೋತ ಒಳಗ ಕೂಗಿದ್ಲು: "ಯಕ್ಕಾ, ಬಾರಬೇ, ಚಾಚಾ ಗಾದಿ ಜೊತಿಗೆ ಮದುಮಗನ್ನೂ ಕಳಿಸ್ಯಾನ!"

ಫೋನಿನ್ಯಾಗ ಅದೂ ಕೇಳಿಸಿತ್ತು. ಭಾಳ ಮೆಲ್ಲಗ ನನ್ನ ಹೆಂಡತಿ ಅಂದ್ಲು: "ಅಲ್ಲೇ ಇರ್ರಿ. ನಮ್ಮ ಅಣ್ಣಾರ್ನ ಕರ್ಕೊಂಡು ಬರ್ತೀನಿ."