ಗೋಡೆ ನೋಡಲು ಬಂದ ನೆಂಟ

ಕೆಲವು ಕಷ್ಟಗಳನ್ನು ಹೇಳಿಕೊಂಡರೆ ಜನ ಅಯ್ಯೋ ಅನ್ನುತ್ತಾರೆ, ಕೆಲವನ್ನು ಹೇಳಿಕೊಂಡರೆ ನಗುತ್ತಾರೆ. ನನ್ನದು ಎರಡನೆಯ ಜಾತಿಯದು. ಮಧುಗಿರಿಯಲ್ಲಿ ಮನೆ ಕಟ್ಟಿಸಿಕೊಂಡ ನಾನು, ನಮ್ಮ ಗೋಡೆಗೆ ತೇವ ಹಿಡಿದು ಬೂಷ್ಟು ಬಂದಿದೆ ಎಂದು ಯಾರ ಮುಂದೆ ಹೇಳಿದರೂ ಅವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನಗುತ್ತಾರೆ. "ಸಾರ್, ನಮ್ಮೂರಲ್ಲಿ ಕೆರೆಗೇ ತೇವ ಇಲ್ಲ, ನಿಮ್ಮ ಗೋಡೆಗೆ ಎಲ್ಲಿಂದ ಬಂತು?" ಎಂದು ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೇ ಕೇಳಿದರು. ನಾನು ಅದೇ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಶಿಲೀಂಧ್ರಗಳ ಪಾಠ ಬಂದಾಗಲೆಲ್ಲ ಬ್ರೆಡ್ಡಿನ ತುಂಡೊಂದನ್ನು ಒದ್ದೆ ಮಾಡಿ ಡಬ್ಬಿಯಲ್ಲಿಟ್ಟು, ಮಕ್ಕಳಿಗೆ ತೋರಿಸಲು ಬೂಷ್ಟು ಬರಲಿ ಎಂದು ಕಾಯುತ್ತಿದ್ದವನು. ಮುಚ್ಚಳ ಸರಿಯಿಲ್ಲದ ಡಬ್ಬಿಯೋ ನಮ್ಮ ಸೀಮೆಯ ಗಾಳಿಯೋ, ಆ ಬ್ರೆಡ್ಡು ಒಣಗಿ ರಸ್ಕ್ ಆಗುತ್ತಿತ್ತೇ ಹೊರತು ಬೂಷ್ಟು ಬರುತ್ತಿರಲಿಲ್ಲ. ಶಾಲೆಗೆ ಎಷ್ಟು ಕರೆದರೂ ಬಾರದ ಮಹಾರಾಯ ಕರೆಯದೆ ನಮ್ಮ ಮನೆಗೆ ಬಂದ.

ಇದಕ್ಕೆಲ್ಲ ಮೂಲ ನನ್ನ ನೀರಿನ ಆಸೆ. ನಾನು ಬೆಳೆದದ್ದು ಕೊಡಿಗೇನಹಳ್ಳಿಯ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ನೀರಿನ ಟ್ಯಾಂಕರ್ ಸದ್ದು ಕೇಳಿದರೆ ಪೂಜೆಗೆ ಕೂತವರೂ ಎದ್ದು ಕೊಡ ಹಿಡಿದು ಓಡುತ್ತಿದ್ದರು. ಆಗಲೇ ಮನಸ್ಸಿನಲ್ಲಿ ಒಂದು ಹಟ ಹುಟ್ಟಿತ್ತು: ಮನೆ ಅಂತ ಕಟ್ಟಿಸಿದರೆ ಸಂಪು ದೊಡ್ಡದಿರಬೇಕು. ಬ್ಯಾಂಕಿನಲ್ಲಿ ಸಾಲ ಸಿಕ್ಕ ಮೇಲೆ ಎಲ್ಲರೂ ಹಾಲ್ ದೊಡ್ಡದು ಮಾಡಿಸಿಕೊಂಡರೆ ನಾನು ಸಂಪು ದೊಡ್ಡದು ಮಾಡಿಸಿದೆ. ವಾಸ್ತು ಹೇಳುವವರು ನೀರು ಈಶಾನ್ಯದಲ್ಲಿರಲಿ ಎಂದರು. ಅದೇ ದೇವರ ಮೂಲೆಯಲ್ಲಿ ತನ್ನ ಕೋಣೆ ಇರಲಿ ಎಂದು ಅವ್ವ ಕೇಳಿದಳು. ಇಬ್ಬರ ಮಾತನ್ನೂ ನಡೆಸಿದೆ. ಹೀಗೆ ಅವ್ವನ ಮಂಚಕ್ಕೂ ನನ್ನ ಸಂಪಿಗೂ ನಡುವೆ ಒಂದು ಗೋಡೆ ಮಾತ್ರ ಉಳಿಯಿತು. ನಲ್ಲಿಯಲ್ಲಿ ನೀರು ಬಂದ ದಿನ ಸಂಪಿನ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿ, ತುಂಬಿದ ನೀರಿನಲ್ಲಿ ನನ್ನ ಮುಖ ಕಂಡು, ಜೀವನದಲ್ಲಿ ಏನೋ ಸಾಧಿಸಿದೆ ಎಂದು ಬೀಗುತ್ತಿದ್ದೆ.

ಆ ಗೋಡೆಯ ಮೇಲೆ ಮೊದಲು ಕಂಡದ್ದು ಅಂಗೈಯಗಲದ ಕಪ್ಪು ಮಚ್ಚೆ. ಅವ್ವ ತೋರಿಸಿದಳು. ನಾನು ಅದರ ಮೇಲೆ ಒಂದು ಕ್ಯಾಲೆಂಡರ್ ನೇತುಹಾಕಿದೆ. ಮಚ್ಚೆ ಕ್ಯಾಲೆಂಡರಿನ ಆಚೆಗೂ ಹಬ್ಬಿದಾಗ ಇನ್ನೊಂದು ದೊಡ್ಡ ಕ್ಯಾಲೆಂಡರ್ ತಂದೆ. ಶಿರಾದಲ್ಲಿ ನನಗೆ ಪರಿಚಯದ ಪೇಂಟ್ ಅಂಗಡಿಯ ಸಾಬರೊಬ್ಬರಿದ್ದಾರೆ. "ಬೇಫಿಕರ್ ಆಗಿರಿ ಮೇಷ್ಟ್ರೇ, ಇದು ಹಚ್ಚಿದ್ರೆ ಬೂಷ್ಟು ಪತ್ತೆ ಇರಲ್ಲ" ಎಂದು ಒಂದು ಡಬ್ಬಿ ಕೊಟ್ಟರು. ಹಚ್ಚಿದೆ. ಬೂಷ್ಟು ಆ ಬಣ್ಣವನ್ನೂ ತಿಂದು ಮೊದಲಿಗಿಂತ ಪುಷ್ಟಿಯಾಗಿ ಬಂತು. ಅಷ್ಟರಲ್ಲಿ ಅವ್ವನಿಗೆ ಕೆಮ್ಮು ಹಿಡಿದಿತ್ತು. ಮೊದಲು ಬೆಳಗಿನ ಹೊತ್ತು, ಆಮೇಲೆ ಹೊತ್ತು ಗೊತ್ತು ಇಲ್ಲದೆ. ಉಸಿರೆಳೆದರೆ ಎದೆಯೊಳಗೆ ಸಣ್ಣ ಪೀಪಿ ಊದಿದಂಥ ಸದ್ದು. ಡಾಕ್ಟರು ಎದೆ ನೋಡಿ, ಕೋಣೆಯ ಕಥೆ ಕೇಳಿ, ನನ್ನನ್ನು ಹೊರಗೆ ಕರೆದು, "ಒಂದೋ ಗೋಡೆ ಸರಿ ಮಾಡ್ಸಿ, ಇಲ್ಲಾ ನಿಮ್ಮ ತಾಯಿಯನ್ನ ಬೇರೆ ಕಡೆ ಇರಿಸಿ. ನಾನು ಎಷ್ಟು ಔಷಧಿ ಕೊಟ್ಟರೂ ಆ ಗೋಡೆ ಮುಂದೆ ನಡೆಯಲ್ಲ" ಎಂದರು.

ಬೇರೆ ಕಡೆ ಅಂದರೆ ಎಲ್ಲಿ? ನಮ್ಮ ಮನೆಯಲ್ಲಿರುವುದೇ ಎರಡು ಕೋಣೆ. ನಮ್ಮ ಕೋಣೆಗೆ ಬಾರವ್ವ, ನಾವು ಹಾಲ್‌ನಲ್ಲಿ ಮಲಗುತ್ತೇವೆ ಎಂದು ನಾನೂ ನನ್ನ ಹೆಂಡತಿ ಸುಮಿತ್ರಳೂ ಕೈ ಮುಗಿಯುವುದೊಂದು ಬಾಕಿ. "ಸೊಸೆ ಮನಿಕ್ಕಳೋ ಮಂಚದ ಮ್ಯಾಲೆ ನಾನ್ಯಾಕ್ಲಾ ಮನಿಕ್ಕಳ್ಳಿ? ನಂಗೆ ನನ್ ದೇವರ ಮೂಲೆನೇ ಸಾಕು" ಎಂದು ಅವ್ವ ಕೂತಲ್ಲಿಂದ ಏಳಲಿಲ್ಲ. ಉಳಿದದ್ದು ಪಾವಗಡದಲ್ಲಿರುವ ನನ್ನ ತಂಗಿ ಗಿರಿಜಳ ಮನೆ. ಅಲ್ಲಿ ಒಗೆದ ಬಟ್ಟೆ ಹಿಂಡುವಷ್ಟರಲ್ಲೇ ಒಣಗುತ್ತದೆ, ಬೂಷ್ಟು ಕಾಲಿಡುವುದಿಲ್ಲ. ಆದರೆ ಆ ಹೆಸರು ಎತ್ತಿದರೆ ಅವ್ವನ ಕೆಮ್ಮು ನಿಂತು ಬೈಗುಳ ಶುರುವಾಗುತ್ತಿತ್ತು. "ಗಂಡುಮಗನ್ನ ಇಟ್ಕಂಡು ಮಗಳ ಮನೆ ಅನ್ನ ತಿನ್ನಾಕ್ ಹೋಗ್ಲಾ? ಜನ ನಿನ್ನ ಮುಖಕ್ಕೆ ಉಗೀತಾರೆ ಕಣ್ಲಾ." ಹಾಗಾಗಿ ಲೆಕ್ಕ ಸರಳವಾಗಿತ್ತು. ಗೋಡೆ ಸರಿಯಾದರೆ ಅವ್ವ ನನ್ನ ಮನೆಯಲ್ಲಿ, ಇಲ್ಲದಿದ್ದರೆ ಪಾವಗಡದಲ್ಲಿ. ಸಂಪು ಖಾಲಿ ಮಾಡಿಸಿ, ಗೋಡೆಯ ಗಾರೆ ಕಿತ್ತು, ನೀರು ತಡೆಯುವ ಕೆಲಸ ಮಾಡಿಸಿ, ಮತ್ತೆ ಗಾರೆ ಹಾಕಿಸಬೇಕು. ಸಾಲದ ಕಂತು ಕಟ್ಟಿ ಉಳಿಯುವುದರಲ್ಲಿ ನಾನು ಇನ್ನೊಂದು ಕ್ಯಾಲೆಂಡರ್ ತರಬಹುದಿತ್ತು, ಅಷ್ಟೇ.

ಆಗ ಸುಮಿತ್ರ ಒಂದು ಮಾತು ನೆನಪಿಸಿದಳು. ಸಾಲ ಕೊಡುವಾಗ ಬ್ಯಾಂಕಿನವರು ಮನೆಗೆ ವಿಮೆಯನ್ನೂ ಮಾಡಿಸಿದ್ದರಲ್ಲ? ಕಾಗದ ಹುಡುಕಿ ಓದಿದೆ. ಬೆಂಕಿ, ಸಿಡಿಲು, ಭೂಕಂಪ ಎಲ್ಲಕ್ಕೂ ಪರಿಹಾರವಿತ್ತು. ನನಗೆ ಸಿಡಿಲು ಹೊಡೆಸಿಕೊಂಡವರ ಮೇಲೆ ಹೊಟ್ಟೆಕಿಚ್ಚಾಯಿತು. ನೀರಿನ ತೊಟ್ಟಿ ಇದ್ದಕ್ಕಿದ್ದಂತೆ ಉಕ್ಕಿ ಹಾನಿಯಾದರೆ ಅದಕ್ಕೂ ಪರಿಹಾರವಿತ್ತು. ನಿಧಾನವಾಗಿ ಒಸರಿ ಬರುವ ತೇವಕ್ಕೆ, ಬೂಷ್ಟಿಗೆ ಇರಲಿಲ್ಲ. ಡ್ರಿಲ್ ಮೇಷ್ಟ್ರಿಗೆ ಹೇಳಿದಾಗ ಅವರು ಈ ಸಲ ನಗಲಿಲ್ಲ. "ಮೊನ್ನೆ ಮೊನ್ನೆ ನಿಮ್ಮ ಸಂಪು ಉಕ್ಕಿ ರೂಮಿಗೆಲ್ಲ ನೀರು ನುಗ್ಗಿತು ಅಂತ ಅರ್ಧ ದಿನ ರಜೆ ಹಾಕಿದ್ರಲ್ಲ ಸಾರ್?" ಎಂದರು. ಹೌದು! ನಲ್ಲಿ ತಿರುಗಿಸಿ ಮರೆತು ಶಾಲೆಗೆ ಬಂದಿದ್ದೆ. ಅದು ನಡೆದದ್ದು ನಿಜ. ಬೂಷ್ಟು ಅದಕ್ಕಿಂತ ಎಷ್ಟೋ ಮುಂಚೆ ಬಂದಿತ್ತು ಎಂಬುದೂ ನಿಜ. ಎರಡು ನಿಜಗಳಲ್ಲಿ ಅನುಕೂಲವಾದ ಒಂದನ್ನು ಮಾತ್ರ ವಿಮೆ ಕಂಪನಿಗೆ ಬರೆದು ಕಳಿಸಿದೆ. ತುಮಕೂರಿನಿಂದ ಸರ್ವೇಯರ್ ಬಂದು ಗೋಡೆ ನೋಡುತ್ತಾರೆ ಎಂದು ಉತ್ತರ ಬಂತು.

ಅವ್ವನಿಗೆ ಪಾಠ ಹೇಳಿಕೊಟ್ಟೆ. ಯಾರು ಕೇಳಿದರೂ ಸಂಪು ಉಕ್ಕಿದ ಮೇಲೇ ಹೀಗಾಯಿತು ಅನ್ನಬೇಕು. ಅವ್ವ, "ಅದನ್ನ ನೀನು ಹೇಳ್ಕೊಡ್ಬೇಕೇನ್ಲಾ? ಹೊರಗ್ಲೋರ ತಾವ ನಾನ್ಯಾಕೆ ನಮ್ಮನೆ ಹುಳುಕು ಹೇಳ್ಳಿ?" ಎಂದಳು. ಆ ವಿಷಯದಲ್ಲಿ ನನಗೂ ಅನುಮಾನವಿರಲಿಲ್ಲ. ನಮ್ಮ ಕಡೆಯವರ ಪದ್ಧತಿಯೇ ಅದು. ಹೊರಗಿನವರು ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇವೆ ಅನ್ನಬೇಕು. ನಮ್ಮ ದೊಡ್ಡಪ್ಪ ಕೈ ಮುರಿದುಕೊಂಡು ಪಟ್ಟಿ ಕಟ್ಟಿಸಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ, ಮುಖಪರಿಚಯದ ಯಾರೋ ಹೇಗಿದ್ದೀರಿ ಎಂದಿದ್ದಕ್ಕೆ ಮುರಿದ ಕೈಯನ್ನು ಟವೆಲಿನಲ್ಲಿ ಮುಚ್ಚಿಕೊಂಡು "ಎಲ್ಲಾ ಚೆನ್ನಾಗೈತೆ" ಎಂದಿದ್ದ. ಅದೇ ನೆಂಟರು ಬಂದರೆ ಅವರು ಚಪ್ಪಲಿ ಬಿಡುವಷ್ಟರಲ್ಲೇ ಮಂಡಿನೋವು, ಸೊಸೆ, ಸಾರಿನ ಉಪ್ಪು, ಬೋರ್‌ವೆಲ್ ಎಲ್ಲದರ ದೂರೂ ಹೊರಗೆ ಬೀಳುತ್ತದೆ. ದೂರು ಹೇಳಿಕೊಂಡರು ಎಂದರೆ ನಿಮ್ಮನ್ನು ನಮ್ಮವರು ಅಂದುಕೊಂಡರು ಎಂದೇ ಅರ್ಥ. ಇಷ್ಟೆಲ್ಲ ಗೊತ್ತಿದ್ದ ನಾನು ಆಮೇಲೆ ಮಾಡಿದ ಕೆಲಸಕ್ಕೆ ಏನೆನ್ನಬೇಕೋ ನೀವೇ ಹೇಳಿ.

ಸರ್ವೇಯರ್ ಬಂದ. ಮೂವತ್ತೈದರ ಆಸುಪಾಸಿನ, ನಗುವೇ ಇಲ್ಲದ ಮನುಷ್ಯ. ನೀರು ಕೊಟ್ಟರೆ ಬೇಡ ಎಂದ, ಕುರ್ಚಿ ಹಾಕಿದರೆ ಕೂರಲಿಲ್ಲ. ಕ್ಯಾಲೆಂಡರ್ ಎತ್ತಿ ನೋಡಿದ, ಫೋಟೋ ತೆಗೆದ, ತೇವ ಅಳೆಯುವ ಸಣ್ಣ ಯಂತ್ರವನ್ನು ಗೋಡೆಗೆ ಒತ್ತಿದ. ಅವ್ವ ಸೆರಗು ಹೊದ್ದು ಬಾಗಿಲಲ್ಲಿ ನಿಂತು ಗಿಣಿಯ ಹಾಗೆ ಒಪ್ಪಿಸಿದಳು: "ಎಲ್ಲಾ ಚೆನ್ನಾಗಿತ್ತು ಸಾರ್. ಅವತ್ತು ನೀರು ನುಗ್ತು ನೋಡಿ, ಆಮ್ಯಾಕೆ ಇಂಗಾಗೋಯ್ತು." ಆತ ತಲೆಯಾಡಿಸಿ ಬರೆದುಕೊಂಡ. ಬರೆದದ್ದನ್ನು ಚೀಲಕ್ಕೆ ಹಾಕುತ್ತಿದ್ದ. ಇನ್ನೊಂದು ನಿಮಿಷ ನಾನು ಬಾಯಿ ಮುಚ್ಚಿಕೊಂಡಿದ್ದರೆ ಹೊರಟುಹೋಗುತ್ತಿದ್ದ. ಆದರೆ ಅವನ ಬಿಗಿದ ಮುಖ ನೋಡಿ ನನಗೆ ಭಯವಾಯಿತು. ಹೇಗಾದರೂ ಮೆತ್ತಗೆ ಮಾಡೋಣ ಅನ್ನಿಸಿತು. ನಮ್ಮವರಿಗೆ ಗೊತ್ತಿರುವುದು ಒಂದೇ ದಾರಿ. "ಸಾರ್, ತಮ್ಮದು ಯಾವೂರಾಯ್ತು?" ಎಂದೆ.

"ತುಮಕೂರು."

"ಅಲ್ಲ, ಮೂಲ?"

"ಕೊಳಾಲದ ಹತ್ರ" ಎಂದ ಆತ, ಒಲ್ಲದ ಮನಸ್ಸಿನಿಂದ.

ಅವ್ವನ ತವರು ಕೊಳಾಲದ ಕಡೆಯದೇ. ಬಾಗಿಲಲ್ಲಿದ್ದವಳು ಎರಡು ಹೆಜ್ಜೆ ಒಳಗೆ ಬಂದಳು. ಯಾರ ಪೈಕಿ, ಯಾವ ಬೀದಿ, ತಾತನ ಹೆಸರೇನು ಎಂದು ಶುರುವಾಗಿ, ನಾನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮುಗಿದೇ ಹೋಯಿತು. "ಅಯ್ಯೋ ನನ್ನಪ್ಪಾ, ನೀನು ತಿಮ್ಮಣ್ಣನ ಮಗನೇನ್ಲಾ! ನಿಮ್ಮಪ್ಪ ನಂಗೆ ಅಣ್ಣ ಆಗ್ಬೇಕು ಕಣ್ಲಾ!" ಬಿಗಿದ ಮುಖ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಅರಳಿತು. ಸಾರ್ ಹೋಗಿ ರಂಗನಾಥನಾದ, ರಂಗನಾಥ ಹೋಗಿ ರಂಗನಾದ. ನಾನು ಅವನಿಗೆ ಭಾವನಾದೆ. ಕೂರದವನು ಕೂತ, ನೀರು ಬೇಡವೆಂದವನ ಮುಂದೆ ಮುದ್ದೆ, ಅವರೆಕಾಳು ಸಾರಿನ ತಟ್ಟೆ ಬಂತು. ಗೆದ್ದೆ ಎಂದುಕೊಂಡೆ. ಸುಮಿತ್ರ ಅಡುಗೆಮನೆಯಿಂದ ಕಣ್ಣಲ್ಲೇ ಏನೋ ಹೇಳುತ್ತಿದ್ದಳು. ಸಾರು ಸಾಲದೇನೋ ಅಂದುಕೊಂಡೆ.

ಅವ್ವ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು ಶುರು ಮಾಡಿದಳು. "ಹೊರಗ್ಲೋರು ಅಂತ ಏನೇನೋ ಅಂದ್ಬುಟ್ಟೆ ಕಣ್ ಮಗ, ನಿನ್ ತಾವ ಎಂಥ ಮುಚ್ಚುಮರೆ? ಈ ಮನೇಲಿ ಹಾಲು ಉಕ್ಸಿದ್ ವರ್ಷದಿಂದಾನೂ ಈ ಗೋಡೆ ಇಂಗೇ ಅಳ್ತಾ ಕುಂತೈತೆ. ಇವನಿಗೆ ಹೇಳ್ದೆ. ಕ್ಯಾಲೆಂಡರ್ ತಂದು ನೇತಾಕ್ದ. ನನ್ ಎದೆ ನೋಡು ಬಾ, ಹೆಂಗ್ ಗೊರಗೊರ ಅಂತೈತೆ." ರಂಗನಾಥ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟ. ನನ್ನ ಕಡೆ ನೋಡಿದ. ನಾನು ಫ್ಯಾನ್ ನೋಡಿದೆ.

ಹೊರಗೆ ಬೈಕಿನ ಹತ್ತಿರ ನಿಂತು ಅವನು, "ಭಾವ, ಅತ್ತೆ ಅಂಗಂದ್ಮೇಲೆ ನಾನು ಕೇಳೇ ಇಲ್ಲ ಅಂತ ಹೆಂಗ್ ಬರೀಲಿ? ಯಂತ್ರನೂ ಅದನ್ನೇ ಹೇಳ್ತಾ ಐತೆ. ನಾಳೆ ನೆಂಟರು ಅಂತ ಬೇರೆ ಗೊತ್ತಾದ್ರೆ ನನ್ ಕೆಲಸ ಹೋಯ್ತದೆ" ಎಂದ. ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು. ನನಗೆ ಬೈಯಲೂ ಆಗಲಿಲ್ಲ. ನೆಂಟನನ್ನು ಹುಡುಕಿಕೊಂಡವನು ನಾನೇ. ಸ್ವಲ್ಪ ದಿನಕ್ಕೆ ಮೊಬೈಲಿಗೆ ಉತ್ತರ ಬಂತು. ಹಾನಿ ನಿಧಾನವಾಗಿ ಆದದ್ದು, ಮನೆಯವರಿಗೆ ಮೊದಲೇ ತಿಳಿದಿತ್ತು, ಆದ್ದರಿಂದ ಪರಿಹಾರವಿಲ್ಲ.

ಅವ್ವನಿಗೆ ತಿಳಿಸಬಾರದು ಎಂದುಕೊಂಡಿದ್ದೆ, ತಿಳಿಯಿತು. "ಅಂಗಾರೆ ನಾನೇ ಕೆಡಿಸ್ಬುಟ್ನೇನ್ಲಾ?" ಎಂದಳು. ಇಲ್ಲವ್ವ ಅನ್ನಬೇಕಿತ್ತು. ನನಗೆ ಆ ಹೊತ್ತಿಗೆ ಸಿಟ್ಟು ಇಳಿದಿರಲಿಲ್ಲ, ಪೇಪರ್ ತಿರುವಿದೆ. ಅವ್ವ ಎದ್ದು ತನ್ನ ಕೋಣೆಗೆ ಹೋದಳು. ಆ ವಾರವೇ ತಾನಾಗಿಯೇ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು, "ಗೋಡೆ ಒಣಗೋ ಗಂಟ ಗಿರಿಜನ್ ತಾವ ಇರ್ತೀನಿ" ಎಂದಳು. ನಾನೂ ಸುಮಿತ್ರಳೂ ಎಷ್ಟು ಹೇಳಿದರೂ ಕೇಳಲಿಲ್ಲ. ಬಸ್ ಸ್ಟ್ಯಾಂಡಿಗೆ ಚೀಲ ಹೊತ್ತವನು ನಾನೇ. ಕಂಡಕ್ಟರ್ ಎಲ್ಲಿಗಜ್ಜಿ ಎಂದದ್ದಕ್ಕೆ, "ಮಗಳ್ನ ನೋಡಂಗಾಗಿತ್ತು, ಹಂಗೇ ಹೋಗ್ಬರ್ತೀನಿ" ಎಂದು ನಕ್ಕಳು. ಬಸ್ಸು ಹೊರಟಾಗ ನನಗೆ ಅಳು ಬಂತು. ಬಸ್ ಸ್ಟ್ಯಾಂಡ್ ತುಂಬ ನನ್ನ ಹಳೇ ವಿದ್ಯಾರ್ಥಿಗಳು, ಆದ್ದರಿಂದ ಕಬ್ಬಿನ ಹಾಲು ಕುಡಿದು ಮನೆಗೆ ಬಂದೆ.

ಪಾವಗಡದಲ್ಲಿ ಅವ್ವನ ಕೆಮ್ಮು ಬೇಗ ನಿಂತಿತು ಎಂದು ಗಿರಿಜ ಫೋನಿನಲ್ಲಿ ಹೇಳಿದಳು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಯಾರೋ ಕೆನ್ನೆಗೆ ಹೊಡೆದ ಹಾಗೂ ಆಯಿತು. ಈ ಭಾನುವಾರ ಹೋಗುತ್ತೇನೆ, ಮುಂದಿನ ಭಾನುವಾರ ಹೋಗುತ್ತೇನೆ ಎಂದು ಪರೀಕ್ಷೆ, ಪೇಪರ್ ತಿದ್ದುವುದು, ಚುನಾವಣೆ ಡ್ಯೂಟಿ ಎಲ್ಲವನ್ನೂ ನೆಪ ಮಾಡಿಕೊಂಡೆ. ಗೋಡೆ ಒಣಗಿಸದೆ ಯಾವ ಮುಖ ಹೊತ್ತು ಹೋಗಲಿ? ಕೊನೆಗೆ ಅವ್ವನಿಗೆ ಇಷ್ಟದ ಹುರಿಗಾಳು ಕಟ್ಟಿಸಿಕೊಂಡು ಒಂದು ದಿನ ಹೋದೆ.

ಗಿರಿಜಳ ಮನೆ ಮುಂದೆ ಒಂದು ಬೈಕು ನಿಂತಿತ್ತು. ಎಲ್ಲೋ ನೋಡಿದ ಬೈಕು. ಚಪ್ಪಲಿ ಬಿಡುತ್ತಿರುವಾಗಲೇ ಒಳಗಿಂದ ಅವ್ವನ ದನಿ ಕೇಳಿಸಿತು. "ಹೋದ್ ಸಲ ಈ ಕಡೆ ಬಂದೋನು ನನ್ನ ನೋಡ್ದಂಗೇ ಹೋದ್ಯಂತಲ್ಲೋ ರಂಗ? ಈ ಮಂಡಿ ಮಡ್ಸಕಾಗಲ್ಲ ಕಣ್ಲಾ. ಇಲ್ಲಿ ಅಕ್ಕಪಕ್ಕದೋರೆಲ್ಲ ತೆಲುಗು ಮಾತಾಡ್ತಾರೆ, ಕುಂತ್ಕಂಡು ಎಲ್ಡು ಮಾತಾಡಾನ ಅಂದ್ರೆ ಒಬ್ರಿಲ್ಲ. ಅಳಿಯನ ಮನೆ ಅನ್ನ ಗಂಟ್ಲಾಗೆ ಇಳಿಯಲ್ಲ. ಕಣ್ಮುಚ್ಚಿದ್ರೆ ಅದೇ ನನ್ ದೇವರ ಮೂಲೆನೇ ಕಾಣ್ತದೆ." ರಂಗನಾಥ ಹೂಂ ಅತ್ತೆ, ಹೂಂ ಅತ್ತೆ ಎನ್ನುತ್ತಿದ್ದ. ಕೆಲಸದ ಮೇಲೆ ಆ ಕಡೆ ಬಂದಾಗ ಹೆಚ್ಚಾಗಿ ಅತ್ತೆಯನ್ನು ಮಾತಾಡಿಸಿ ಹೋಗುತ್ತಾನಂತೆ, ಆಮೇಲೆ ಗಿರಿಜ ಹೇಳಿದಳು.

ನಾನು ಒಳಗೆ ಕಾಲಿಟ್ಟೆ. ಅವ್ವನ ಮಾತು ಅರ್ಧಕ್ಕೆ ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಕುರ್ಚಿ ತೋರಿಸಿ, "ಬಾಪ್ಪ, ಕುಂತ್ಕ. ಬಸ್ಸು ಸಿಗ್ತಾ? ಗಿರಿಜಾ, ನೀರ್ ತಂದ್ಕೊಡಮ್ಮ" ಎಂದಳು.

"ಹೆಂಗಿದೀಯವ್ವ?" ಎಂದೆ.

"ನಂಗೇನಪ್ಪ, ಎಲ್ಲಾ ಚೆನ್ನಾಗೈತೆ" ಎಂದು ಅವ್ವ ನಕ್ಕಳು. "ಗೋಡೆ ಒಣಗ್ತಾ?"

ರಂಗನಾಥ ತಲೆ ಬಗ್ಗಿಸಿ ಕಾಫಿ ಲೋಟ ನೋಡತೊಡಗಿದ. ನಾನು ಹುರಿಗಾಳಿನ ಪೊಟ್ಟಣವನ್ನು ಅವಳ ಕೈಗೆ ಕೊಟ್ಟು, "ಒಣಗ್ತಾ ಐತವ್ವ. ಎಲ್ಲಾ ಚೆನ್ನಾಗೈತೆ" ಎಂದೆ.