ಮಾವನ ವೈರಿಂಗು, ನನ್ನ ಸಹಿ

ಮನೆಗೆ ಬೆಂಕಿ ಬೀಳಬಹುದಿತ್ತು. ಗೋಡೆಗೆ ಬೆನ್ನು ಒರಗಿಸಿದ ನೆಂಟರು ಒರಗಿದ ಹಾಗೆಯೇ ಹೋಗಿಬಿಡಬಹುದಿತ್ತು. ಮೀಟರು ಸಿಡಿಯಬಹುದಿತ್ತು, ಗೌನಿಪಲ್ಲಿಗೆ ಗೌನಿಪಲ್ಲಿಯೇ ಕತ್ತಲಾಗಬಹುದಿತ್ತು. ನನ್ನ ವೈರಿಂಗ್ ಲೈಸೆನ್ಸು ರದ್ದಾಗಿ, ಶ್ರೀನಿವಾಸಪುರದ ನನ್ನ ಅಂಗಡಿಗೆ ಬೀಗ ಬಿದ್ದು, ಕೋಲಾರದ ಕೋರ್ಟಿನ ಕಟಕಟೆಯಲ್ಲಿ ನಿಂತು ನಾನು, "ಸ್ವಾಮಿ, ಆ ಮನೆಯಲ್ಲಿ ಮೂರೇ ಮೂರು ಪಾಯಿಂಟು ನಂದು, ಮಿಕ್ಕಿದ್ದೆಲ್ಲ ನಮ್ಮ ಮಾವಂದು" ಎಂದು ಗೋಗರೆಯಬಹುದಿತ್ತು. ಹತ್ತು ವರ್ಷ ಇಷ್ಟನ್ನೂ ದಿನಾ ತಪ್ಪದೆ ಕಲ್ಪಿಸಿಕೊಂಡೆ. ಕಾರಣ ನನ್ನ ಸೋದರಮಾವ. ಕರೆಂಟನ್ನು ರವಿಕೆ ಹೊಲಿದ ಹಾಗೆ ಹೊಲಿದವರು ಈ ಭೂಮಿಯ ಮೇಲೆ ಅವರೊಬ್ಬರೇ!

ಮಾವ ಟೈಲರು. ಅವರು ಬಟ್ಟೆ ಹೊಲಿದರೆ, ಕಾಜಾ ಹಾಕಿ ಗುಂಡಿ ಕೂಡಿಸುವುದು ಅತ್ತೆಯ ಕೆಲಸ. ಅತ್ತೆ ತೀರಿಕೊಂಡ ಮೇಲೆ ಮಾವ ಗುಂಡಿ ಬೇಕಾಗುವ ಬಟ್ಟೆಯನ್ನು ಮುಟ್ಟಲೇ ಇಲ್ಲ. ಗುಂಡಿಯಿಲ್ಲದ ಬಟ್ಟೆ ಹೊಲಿಸುವವರು ಎಷ್ಟು ಜನ ಸಿಗ್ತಾರೆ ಹೇಳಿ? ದಿಂಬಿನ ಚೀಲ, ಲಂಗ, ಅಷ್ಟೆ. ಬೇಕಾದಷ್ಟು ಬಿಡುವಾಯಿತು. ಅದೇ ಸುಮಾರಿಗೆ ಗೌನಿಪಲ್ಲಿಯ ಅವರ ಮನೆಗೆ ಕರೆಂಟು ಬಂತು. ನಡುಮನೆಗೊಂದು, ಅಡುಗೆಮನೆಗೊಂದು, ಮಿಷನ್ನಿನ ಮೇಲೊಂದು ಲೈಟು ಹಾಕಿ, ವೈರಿಂಗ್ ರಿಪೋರ್ಟಿಗೆ ಸಹಿ ಮಾಡಿದವನು ನಾನು. ಆ ಸಹಿಯ ಅರ್ಥ ಗೊತ್ತೇ? ಆ ಮನೆಯ ತಂತಿಗಳೆಲ್ಲ ನನ್ನ ಮಕ್ಕಳಿದ್ದ ಹಾಗೆ. ಯಾವುದು ಏನು ಮಾಡಿದರೂ ಜನ ನನ್ನ ಬಾಗಿಲಿಗೇ ಬರುತ್ತಾರೆ.

ತಿಂಗಳು ಬಿಟ್ಟು ಹೋದರೆ ಮಾವ ತಾವೇ ವೈರು ಎಳೆದು ಮೂರು ಪಾಯಿಂಟನ್ನು ಹನ್ನೊಂದು ಮಾಡಿದ್ದರು! ಒಂದು ಸ್ವಿಚ್ ಬೋರ್ಡು ಬಿಚ್ಚಿದೆ. ಒಳಗಿಂದ ಮೊಳದುದ್ದ ವೈರು ಸುರುಳಿ ಸುರುಳಿಯಾಗಿ ಹೊರಗೆ ಬಿತ್ತು.

"ಮಾವ, ಇದೇನಿದು?"

"ಮಾರ್ಜಿನ್ ಕಣೋ. ನಾಳೆ ಮನೆ ಅಗಲ ಆದ್ರೆ ಬಿಚ್ಚಿ ಬಿಟ್ಕೋಬೋದು."

"ಮನೆ ಎಲ್ಲಾದ್ರೂ ಅಗಲ ಆಗುತ್ತಾ?"

"ನೀನೂ ಹಿಂಗೇ ಅಂತಿದ್ದೆ. ನಿನ್ನ ಶರ್ಟು ಎಷ್ಟು ಸಲ ಬಿಚ್ಚಿದೀನಿ, ಜ್ಞಾಪಕ ಇದೆಯೇನ್ಲಾ?"

ಹೊಟ್ಟೆ ಒಳಗೆಳೆದುಕೊಂಡೆ. ಆಮೇಲೆ ಬಣ್ಣದ ಪ್ರಶ್ನೆ. ಫೇಸು, ನ್ಯೂಟ್ರಲ್ಲು, ಅರ್ತು ಎಲ್ಲವೂ ಕಡುಗಪ್ಪು! ಯಾವುದು ಯಾವುದೆಂದು ಹೇಗೆ ತಿಳಿಯಬೇಕು? "ಒಂದೇ ಬಟ್ಟೆಗೆ ಮೂರು ಬಣ್ಣದ ದಾರ ಹಾಕಿದ್ರೆ ನಾಲ್ಕು ಜನ ನಗಲ್ವೇನೋ?" ಎಂದರು. ಜಾಯಿಂಟುಗಳ ಮೇಲೆ ಲಂಗದ ಚೂರು ಸುತ್ತಿ ಹೆಮ್ಮಿಂಗ್ ಮಾಡಿದ್ದರು. ಏನು ನಾಜೂಕು ಅಂತೀರಿ! ಒಂದು ಹೊಲಿಗೆಯೂ ಕಾಣುತ್ತಿರಲಿಲ್ಲ. ನಾನು ತಲೆಯ ಮೇಲೆ ಕೈ ಹೊತ್ತರೆ, "ಏಮೀ ಕಾದು ಲೇರಾ" ಎಂದು ಬೆನ್ನು ತಟ್ಟಿದರು. ಏನೂ ಆಗಲ್ಲ ಬಿಡೋ, ಅಂತ. ಮಾವನ ಕೋಪಕ್ಕೆ ಕನ್ನಡ, ಧೈರ್ಯಕ್ಕೆ ತೆಲುಗು.

ಕರೆಂಟಾಫೀಸಿನ ಸಾಹೇಬರನ್ನು ಉಪಾಯವಾಗಿ ಕೇಳಿದೆ. "ಸಾರ್, ರಿಪೋರ್ಟ್ ಕೊಟ್ಟ ಮೇಲೆ ಮನೆಯವರೇ ಒಂದೆರಡು ಪಾಯಿಂಟು ಎಳ್ಕೊಂಡ್ರೆ ಜವಾಬ್ದಾರಿ ಯಾರದು ಸಾರ್?"

"ರಿಪೋರ್ಟಲ್ಲಿ ಯಾರ ಸಹಿ ಇದೆ?"

"ನಂದು... ಅಂದ್ರೆ ಯಾರೋ ಒಬ್ಬರದು ಸಾರ್."

"ಹಾಗಾದ್ರೆ ಆ ಯಾರೋ ಒಬ್ಬರು ಹುಷಾರಾಗಿರ್ಲಿ."

ಆವತ್ತಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಗೌನಿಪಲ್ಲಿ ಬಸ್ಸು ಹತ್ತತೊಡಗಿದೆ. ಮಾವ ಹೊಲಿದದ್ದನ್ನು ನಾನು ಬಿಚ್ಚುವುದು. ಬಿಚ್ಚಿದ್ದನ್ನು ಅವರು ಮುಂದಿನ ಭಾನುವಾರದೊಳಗೆ ಹೊಲಿಯುವುದು. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ಜೊತೆಗೆ ಒಬ್ಬರನ್ನೊಬ್ಬರು ಬೈಯುವುದು. ಭಾನುವಾರ ನಿಮಗೆ ಬೇರೆ ಕೆಲಸವಿರಲಿಲ್ಲವೇ ಎಂದು ಕೇಳಬೇಡಿ. ನನಗೆ ಮದುವೆಯಾಗಲಿಲ್ಲ. ಮಾಲೂರಿನಲ್ಲಿ ಹೆಣ್ಣು ನೋಡಿ ಬಂದಾಗ, "ಹೇಗಿತ್ತೋ?" ಎಂದು ಅಮ್ಮ ಕೇಳಿದರೆ, "ಮೇನ್ ಸ್ವಿಚ್ಚಿಗೆ ಮುಚ್ಚಳವೇ ಇಲ್ಲ ಕಣಮ್ಮ" ಎಂದಿದ್ದೆ. ಅಮ್ಮ ಹೋದ ಮೇಲೆ ಹಾಗೆ ಕೇಳುವವರೂ ಇಲ್ಲವಾದರು. ವಾರಕ್ಕೊಮ್ಮೆ ನನ್ನನ್ನು "ಏನ್ಲಾ" ಎನ್ನುತ್ತಿದ್ದುದು ಮಾವನ ಬಾಯಿ ಒಂದೇ.

ಹೀಗಿರುವಾಗ ಹೋಳೂರಿನ ಕಡೆ ಒಂದು ಮನೆ ವೈರಿಂಗಿನಿಂದ ಹೊತ್ತಿಕೊಂಡು, ಸಹಿ ಮಾಡಿದವನ ಲೈಸೆನ್ಸು ಹೋಯಿತೆಂದು ಸುದ್ದಿ ಬಂತು. ಆ ಭಾನುವಾರ ಮಾವನ ಹೊಸ್ತಿಲು ದಾಟುವ ಮೊದಲೇ ಕಿರುಚಿದೆ. "ನಿಮ್ಮಿಂದ ನನಗೆ ಹತ್ತು ವರ್ಷದಿಂದ ನಿದ್ದೆಯಿಲ್ಲ ಮಾವ! ನಾಳೆ ನನ್ನ ಹೊಟ್ಟೆಪಾಡು ಹೋದ್ರೆ ನೋಡೋರು ಯಾರಿದ್ದಾರೆ?"

ಮಾವ ಕನ್ನಡದಲ್ಲೂ ಬೈಯಲಿಲ್ಲ, ತೆಲುಗಿನಲ್ಲೂ ಸಮಾಧಾನ ಹೇಳಲಿಲ್ಲ.

ಮುಂದಿನ ವಾರ ಹೋದರೆ ಮನೆಯ ಗುರುತೇ ಸಿಗಲಿಲ್ಲ. ಗೋಡೆಯ ಮೇಲೆ ವೈರಿಗೆ ಹೊಸ ಪಟ್ಟಿ, ಕೆಂಪು ವೈರು, ಕಪ್ಪು ವೈರು, ಹಸಿರು ವೈರು. ಎಣಿಸಿ ಐದೇ ಪಾಯಿಂಟು. ಮೀಟರ್ ಬೋರ್ಡಿನ ಮೇಲೆ ಬೇರೆ ಯಾರದೋ ಲೈಸೆನ್ಸ್ ನಂಬರು.

"ಮುಳಬಾಗಿಲಿಂದ ಒಬ್ಬನ್ನ ಕರೆಸಿದೆ," ಎಂದರು ಮಾವ. "ನಂದೆಲ್ಲ ಕಿತ್ತಾಕಿಸಿದೆ. ಹೊಸ ರಿಪೋರ್ಟೂ ಅವನದೇ. ಕರೆಂಟಾಫೀಸಿಗೆ ನಾನೇ ಹೋಗಿ ನೋಡ್ಕೊಂಡು ಬಂದೆ, ನಿನ್ನ ಸಹಿ ಈಗ ಲೆಕ್ಕಕ್ಕಿಲ್ಲ. ಇನ್ನಾದ್ರೂ ನಿದ್ದೆ ಮಾಡು ಕಣೋ."

ಒಂದೊಂದೇ ಬೋರ್ಡು ಬಿಚ್ಚಿ ನೋಡಿದೆ. ಒಂದಾದರೂ ತಪ್ಪು ಸಿಗಬಾರದೇ! ಮಾವ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಬೇರೆಯವರ ಮನೆಗೆ ಬಂದವರಂತೆ, ನನ್ನ ಹಿಂದೆ ಹಿಂದೆಯೇ ನಡೆದರು. ಊಟ ಬೇಗ ಮುಗಿಯಿತು. ಬೈಯುವುದಕ್ಕೆ ಏನೂ ಇರಲಿಲ್ಲ.

ಬಸ್ಸಿನವರೆಗೂ ಬಂದರು. ನಾನು ಹತ್ತಿ ಕೂತ ಮೇಲೆ ಕಿಟಕಿಯ ಸರಳು ಹಿಡಿದುಕೊಂಡು, "ಇನ್ಮೇಲೆ ಭಾನುವಾರ ಸುಮ್ನೆ ಬಸ್ಸಲ್ಲಿ ಒದ್ದಾಡಬೇಡ. ಕೆಲಸ ಏನೂ ಇಲ್ವಲ್ಲ ಇಲ್ಲಿ" ಎಂದರು. ಹೇಳಿದ ಮೇಲೂ ಸರಳು ಬಿಡಲಿಲ್ಲ. ಕಂಡಕ್ಟರು ಎರಡು ಸಲ ಸೀಟಿ ಊದಿದ.

ಮನೆಗೆ ಬೆಂಕಿ ಬೀಳಲಿಲ್ಲ, ಮೀಟರು ಸಿಡಿಯಲಿಲ್ಲ, ಯಾರೂ ನನ್ನನ್ನು ಕೋರ್ಟಿಗೆ ಎಳೆಯಲಿಲ್ಲ. ಆದದ್ದು ಇಷ್ಟೇ: "ಕೆಲಸ ಇಲ್ದೇ ಇದ್ರೂ ಬರ್ತೀನಿ ಮಾವ" ಎನ್ನಬೇಕಾದ ಕಡೆ ನಾನು "ಹೂಂ" ಎಂದುಬಿಟ್ಟೆ.